ರಸಾಯನವಿಜ್ಞಾನಿ ನಿಕೊಲಾಯ್ ಜೆಲಿನ್‌ಸ್ಕಿ

ರಸಾಯನಶಾಸ್ತ್ರವನ್ನು ಪದವಿ ತರಗತಿಯಲ್ಲಿ ಓದುವವರಿಗೆ ಜೆಲಿನ್‌ಸ್ಕಿ ಎಂಬ ಹೆಸರು ಅಪರಿಚಿತವಲ್ಲ. ಕಾರ್ಬಾಕ್ಸಿಲಿಕ್ ಆಮ್ಲಗಳ ಪಾಠ ಬಂದಾಗ ಹೆಲ್, ವೊಲ್ಹಾರ್ಡ್, ಜೆಲಿನ್‌ಸ್ಕಿ ಎಂಬ ಮೂವರ ಹೆಸರಿನಿಂದ ಕರೆಯುವ ಪ್ರತಿಕ್ರಿಯೆಯೊಂದನ್ನು ಅವರು ಬಾಯಿಪಾಠ ಮಾಡಿರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಪ್ರತಿಕ್ರಿಯೆಯೂ ಮರೆಯುತ್ತದೆ, ಹೆಸರೂ ಮರೆಯುತ್ತದೆ. ನಾನಾದರೋ ಚರಿತ್ರೆಯ ವಿದ್ಯಾರ್ಥಿ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಪ್ರಯೋಗವಾದ ಸಂಗತಿಯನ್ನು ಓದುತ್ತಿರುವಾಗ ಇದೇ ಹೆಸರು ನನಗೆ ಬೇರೊಂದು ದಾರಿಯಿಂದ ಎದುರಾಯಿತು. ಅಲ್ಲಿ ಅದು ಲಕ್ಷಾಂತರ ಸೈನಿಕರ ಉಸಿರನ್ನು ಉಳಿಸಿದವನ ಹೆಸರು. ಅದೇ ದಾರಿಯಲ್ಲಿ ಮುಂದೆ ಹೋದಾಗ, ಇಂದು ನಮ್ಮ ಮೋಟಾರುಗಳಿಗೆ ಹಾಕುವ ಪೆಟ್ರೋಲಿನ ಹಿಂದೆಯೂ ಅವನೇ ನಿಂತಿರುವುದು ಕಂಡಿತು. ಹೆಚ್ಚು ಸೋಜಿಗವೆಂದರೆ, ಈ ಎರಡು ಕೆಲಸಗಳಿಗೂ ಅವನಿಗೆ ನೆರವಾದುದು ಒಂದೇ ಪದಾರ್ಥ: ನಮ್ಮ ಒಲೆಯಲ್ಲಿ ಉಳಿಯುವ ಇದ್ದಿಲು. ಈ ಮಹನೀಯನ ಬಾಳನ್ನು ವಿಜ್ಞಾನ ಓದದ ಗೆಳೆಯರಿಗೂ ತಿಳಿಯುವಂತೆ ಹೇಳಬೇಕೆಂಬುದೇ ಈ ಲೇಖನದ ಉದ್ದೇಶ.

ನಿಕೊಲಾಯ್ ದ್ಮಿತ್ರಿಯೆವಿಚ್ ಜೆಲಿನ್‌ಸ್ಕಿ ೧೮೬೧ನೆಯ ಇಸವಿ ಫೆಬ್ರವರಿ ೬ರಂದು ತಿರಾಸ್ಪೊಲ್ ಎಂಬ ಊರಿನಲ್ಲಿ ಹುಟ್ಟಿದನು. ಆಗ ಅದು ರಷ್ಯಾ ಸಾಮ್ರಾಜ್ಯದ ತೆಂಕಣ ಅಂಚಿನಲ್ಲಿ, ದ್ನಿಯೆಸ್ತರ್ ನದಿಯ ದಡದಲ್ಲಿದ್ದ ಸಣ್ಣ ಪಟ್ಟಣ. ರಷ್ಯಾದಲ್ಲಿ ಜೀತದಾಳುಗಳಿಗೆ ಬಿಡುಗಡೆಯಾದದ್ದೂ ಅದೇ ವರ್ಷ. ಮಗು ಇನ್ನೂ ಚಿಕ್ಕದಾಗಿರುವಾಗಲೇ ತಂದೆತಾಯಿಗಳಿಬ್ಬರೂ ಕ್ಷಯರೋಗದಿಂದ ತೀರಿಕೊಂಡರು. ತಬ್ಬಲಿಯಾದ ಹುಡುಗನನ್ನು ಅಜ್ಜಿ ಸಾಕಿದಳು. ತಂದೆತಾಯಿಗಳ ರೋಗ ಮೊಮ್ಮಗನಿಗೂ ತಗಲೀತೆಂಬ ಭಯ ಆಕೆಗೆ ಇದ್ದೇ ಇತ್ತು. ಆದರೆ ಹುಡುಗ ಬಯಲಿನಲ್ಲಿ ಆಡಿ, ಹೊಳೆಯಲ್ಲಿ ಈಜಿ ಗಟ್ಟಿಮುಟ್ಟಾಗಿ ಬೆಳೆದನು. ಅವನು ೯೨ ವರ್ಷ ಬಾಳಿದನೆಂದರೆ ಅಜ್ಜಿಯ ಆರೈಕೆ ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು.

ಊರಿನ ಶಾಲೆ ಮುಗಿಸಿ ಅವನು ಒಡೆಸ್ಸಾ ನಗರದ ಪ್ರೌಢಶಾಲೆಯನ್ನೂ, ೧೮೮೦ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯವನ್ನೂ ಸೇರಿದನು. ಜೀವಶಾಸ್ತ್ರದಲ್ಲಿ ಮೆಚ್ನಿಕೊವ್‌ನಂಥ ದೊಡ್ಡವರು ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. ೧೮೮೪ರಲ್ಲಿ ಪದವಿ ಪಡೆದ ಜೆಲಿನ್‌ಸ್ಕಿಯನ್ನು ವಿಶ್ವವಿದ್ಯಾನಿಲಯವು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ಕಳುಹಿಸಿತು. ಆ ದಿನಗಳಲ್ಲಿ ರಸಾಯನವಿದ್ಯೆಗೆ ಜರ್ಮನಿಯೇ ಕಾಶಿ. ಅವನು ಮೊದಲು ಲೈಪ್‌ಜಿಗ್‌ನಲ್ಲಿಯೂ, ಆಮೇಲೆ ಗ್ಯೊಟ್ಟಿಂಗೆನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಪ್ರಸಿದ್ಧ ಆಚಾರ್ಯನ ಬಳಿಯಲ್ಲಿಯೂ ಕೆಲಸ ಮಾಡಿದನು.

ಅಲ್ಲಿ ಅವನಿಗೆ ಬದುಕಿನ ಮೊದಲನೆಯ ದೊಡ್ಡ ಪಾಠ ದೊರೆಯಿತು. ಗಂಧಕವಿರುವ ಒಂದು ಸಂಯುಕ್ತವನ್ನು ತಯಾರಿಸಲು ಹೊರಟ ಯುವಕ, ನಡುವಿನ ಹಂತದಲ್ಲಿ ಎಣ್ಣೆಯಂಥ ದ್ರವವೊಂದನ್ನು ಪಡೆದನು. ಅದು ಮೈಗೆ ತಗಲಿ ಸುಟ್ಟಂತೆ ಬೊಬ್ಬೆಗಳೆದ್ದವು. ಅವನು ಬಹಳ ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆ ದ್ರವವೇ ಮುಂದೆ ಸಾಸಿವೆ ಅನಿಲವೆಂದು ಕುಖ್ಯಾತವಾಯಿತು. ೧೯೧೭ರ ಜುಲೈ ತಿಂಗಳಲ್ಲಿ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜರ್ಮನರ ಸೈನ್ಯ ಅದನ್ನು ಮೊದಲಬಾರಿಗೆ ಶತ್ರುಗಳ ಮೇಲೆ ಪ್ರಯೋಗಿಸಿತು. ಹೀಗೆ ಯುದ್ಧಭೂಮಿಗೆ ಇಳಿಯುವುದಕ್ಕೆ ಮೂವತ್ತು ವರ್ಷಗಳಿಗೂ ಮೊದಲೇ ಆ ವಿಷದ ಉರಿಯನ್ನು ಅನುಭವಿಸಿದವರ ಸಾಲಿನಲ್ಲಿ ಜೆಲಿನ್‌ಸ್ಕಿ ಸೇರಿದ್ದನು. ಪ್ರಯೋಗಶಾಲೆಯ ಗಾಜಿನ ಬುಡ್ಡಿಯಲ್ಲಿ ಹುಟ್ಟುವುದು ಅಲ್ಲಿಯೇ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸ್ವದೇಶಕ್ಕೆ ಹಿಂತಿರುಗಿದ ಅವನು ೧೮೮೯ರಲ್ಲಿ ಮಾಸ್ಟರ್ ಪದವಿಯನ್ನೂ ೧೮೯೧ರಲ್ಲಿ ಡಾಕ್ಟರ್ ಪದವಿಯನ್ನೂ ಗಳಿಸಿದನು. ೧೮೯೧ರಲ್ಲಿಯೇ ಕಪ್ಪು ಸಮುದ್ರದ ಆಳವನ್ನು ಪರೀಕ್ಷಿಸಲು ಹೊರಟ ಹಡಗಿನಲ್ಲಿ ಅವನೂ ಹೋದನು. ಆ ಸಮುದ್ರದ ಆಳದ ನೀರಿನಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡ್ ಅನಿಲ ತುಂಬಿರುತ್ತದೆ. ತಳದ ಕೆಸರನ್ನು ಎತ್ತಿ ತಂದು ಪರೀಕ್ಷಿಸಿ, ಈ ಅನಿಲ ಸೂಕ್ಷ್ಮಜೀವಿಗಳ ಕೆಲಸದಿಂದ ಹುಟ್ಟುವುದೆಂದು ಅವನು ತೋರಿಸಿಕೊಟ್ಟನು. ೧೮೯೩ರಲ್ಲಿ, ೩೨ನೆಯ ವಯಸ್ಸಿನಲ್ಲಿ, ಮಾಸ್ಕೋ ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಅಲ್ಲಿ ಅವನು ಏರಿದ್ದು ಮಾರ್ಕೊವ್ನಿಕೊವ್ ಎಂಬ ಹಿರಿಯ ರಸಾಯನಜ್ಞನ ಪೀಠವನ್ನು.

ಇಲ್ಲಿಂದ ಮುಂದೆ ಅವನ ಜೀವನದ ಮುಖ್ಯ ಕಾರ್ಯ ಆರಂಭವಾಗುತ್ತದೆ. ಅದನ್ನು ತಿಳಿಯಬೇಕಾದರೆ ಕಲ್ಲೆಣ್ಣೆಯ ವಿಷಯವಾಗಿ ನಾಲ್ಕು ಮಾತು ಅಗತ್ಯ. ನೆಲದಿಂದ ತೆಗೆದ ಕಲ್ಲೆಣ್ಣೆ ಒಂದು ಪದಾರ್ಥವಲ್ಲ. ನೂರಾರು ಪದಾರ್ಥಗಳ ಬೆರಕೆ. ಅವುಗಳಲ್ಲಿ ಹೆಚ್ಚಿನವು ಇಂಗಾಲ ಮತ್ತು ಜಲಜನಕ ಈ ಎರಡರಿಂದಲೇ ಆದವು. ಅವನ್ನು ಹೈಡ್ರೊಕಾರ್ಬನ್ ಎನ್ನುತ್ತಾರೆ. ಇಂಗಾಲದ ಪರಮಾಣುಗಳು ಒಂದರ ಕೈ ಒಂದು ಹಿಡಿದು ನಿಲ್ಲುವ ರೀತಿಯಲ್ಲಿದೆ ಇವುಗಳ ಭೇದ. ಕೆಲವು ನೇರವಾದ ಸರಪಣಿ. ಕೆಲವು ಕವಲೊಡೆದ ಕೊಂಬೆ. ಇನ್ನು ಕೆಲವು ಕೋಲಾಟದವರಂತೆ ಬಳೆಯಾಗಿ ನಿಂತವು. ಕಾಕಸಸ್ ಪ್ರದೇಶದ ಎಣ್ಣೆಯಲ್ಲಿ ಇಂಥ ಬಳೆಗಳು ಬಹಳವಾಗಿರುವುದನ್ನು ಮಾರ್ಕೊವ್ನಿಕೊವ್ ಮೊದಲೇ ಕಂಡು ಅವುಗಳಿಗೆ ನಾಫ್ತೀನ್ ಎಂದು ಹೆಸರಿಟ್ಟಿದ್ದನು. ಐದು ಇಂಗಾಲದ ಬಳೆಗಳೂ ಉಂಟು, ಆರು ಇಂಗಾಲದ ಬಳೆಗಳೂ ಉಂಟು.

ಆರು ಇಂಗಾಲದ ಬಳೆಗೆ ಹನ್ನೆರಡು ಜಲಜನಕಗಳು ಅಂಟಿಕೊಂಡಿದ್ದರೆ ಅದು ಸೈಕ್ಲೊಹೆಕ್ಸೇನ್. ಅದರಿಂದ ಆರು ಜಲಜನಕಗಳನ್ನು ಕಳಚಿದರೆ ಉಳಿಯುವುದು ಬೆಂಜೀನ್. ಬೆಂಜೀನಿನ ಬೆಲೆ ಎಲ್ಲರಿಗೂ ತಿಳಿದದ್ದೇ: ಬಣ್ಣ, ಔಷಧ, ಸಿಡಿಮದ್ದು, ಪ್ಲಾಸ್ಟಿಕ್ಕು, ಇವೆಲ್ಲಕ್ಕೂ ಅದು ಮೂಲದ್ರವ್ಯ. ಆದರೆ ಕಳಚುವುದು ಹೇಗೆ? ಬರಿಯ ಕಾವಿನಿಂದ ಕಳಚಲು ಹೋದರೆ ಬಳೆಯೇ ಒಡೆದು ಚೂರಾಗುತ್ತದೆ. ಬೇಕಾದ ಗಂಟನ್ನು ಮಾತ್ರ ಬಿಚ್ಚಿ ಬೇಡವಾದುದನ್ನು ಮುಟ್ಟದಿರುವಂಥ ಬೆರಳು ಬೇಕು. ಅಂಥ ಬೆರಳಿಗೇ ಕ್ರಿಯಾವರ್ಧಕವೆಂದು ಹೆಸರು. ಅದು ಪ್ರತಿಕ್ರಿಯೆಯನ್ನು ನಡೆಸುತ್ತದೆ, ತಾನು ಅದರಲ್ಲಿ ವ್ಯಯವಾಗುವುದಿಲ್ಲ. ಮಗ್ಗ ಬಟ್ಟೆಯೊಳಗೆ ಸೇರುವುದಿಲ್ಲ. ಆದರೂ ಮಗ್ಗವಿಲ್ಲದೆ ನೂಲು ಬಟ್ಟೆಯಾಗದು.

ಫ್ರಾನ್ಸಿನಲ್ಲಿ ಸಬಾತ್ಯೆ ಎಂಬುವನು ೧೮೯೭ರಿಂದ ಈಚೆಗೆ ನಿಕ್ಕಲ್ ಪುಡಿಯಿಂದ ಜಲಜನಕವನ್ನು ಸೇರಿಸುವ ವಿದ್ಯೆಯನ್ನು ಕಂಡುಹಿಡಿದು, ಅದಕ್ಕಾಗಿ ೧೯೧೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ನಿಕ್ಕಲ್ಲು ಕಾವು ಹೆಚ್ಚಿದಾಗ ಜಲಜನಕವನ್ನು ಕಳಚಬಲ್ಲುದು. ಆದರೆ ಅದರ ಕೈ ಒರಟು, ಬಳೆಯನ್ನೂ ಕೆಲಮಟ್ಟಿಗೆ ಒಡೆದುಹಾಕುತ್ತದೆ. ಜೆಲಿನ್‌ಸ್ಕಿ ಪ್ಲಾಟಿನಂ ಮತ್ತು ಪಲ್ಲೇಡಿಯಂ ಎಂಬ ಬೆಲೆಬಾಳುವ ಲೋಹಗಳ ನುಣ್ಣನೆಯ ಕಪ್ಪು ಪುಡಿಯನ್ನು ತೆಗೆದುಕೊಂಡನು. ಸುಮಾರು ೩೦೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅವುಗಳ ಮೇಲೆ ಸೈಕ್ಲೊಹೆಕ್ಸೇನಿನ ಆವಿಯನ್ನು ಹಾಯಿಸಿದಾಗ ಬಳೆ ಒಡೆಯದೆ, ಶುದ್ಧವಾದ ಬೆಂಜೀನೂ ಜಲಜನಕವೂ ಹೊರಬಂದವು. ಅಷ್ಟೇ ಅಲ್ಲ. ಐದು ಇಂಗಾಲದ ಬಳೆಯನ್ನು ಅದೇ ಕಾವಿನಲ್ಲಿ ಅದೇ ಪುಡಿಯ ಮೇಲೆ ಹಾಯಿಸಿದರೆ ಅದು ಹೋದ ಹಾಗೆಯೇ ಹಿಂದಿರುಗಿತು. ಲೋಹವು ಆರರ ಬಳೆಯನ್ನು ಗುರುತಿಸಿ ಹಿಡಿದು, ಐದರ ಬಳೆಯನ್ನು ಬಿಟ್ಟುಬಿಟ್ಟಿತು!

ಇದರ ಪ್ರಯೋಜನ ದೊಡ್ಡದು. ಸೈಕ್ಲೊಹೆಕ್ಸೇನೂ ಬೆಂಜೀನೂ ೮೦ ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತವೆ. ಒಂದು ಡಿಗ್ರಿಯ ಅಂತರವೂ ಇಲ್ಲ. ಕಲ್ಲೆಣ್ಣೆಯ ಇಂಥ ಎಷ್ಟೋ ಘಟಕಗಳನ್ನು ಬಟ್ಟಿಯಿಳಿಸಿ ಬೇರೆಮಾಡುವುದು ಕಷ್ಟ. ಜೆಲಿನ್‌ಸ್ಕಿಯ ವಿಧಾನದಿಂದ ಆರರ ಬಳೆಗಳನ್ನೆಲ್ಲ ಬೆಂಜೀನಿನ ಜಾತಿಗೆ ತಿರುಗಿಸಿ, ಗಂಧಕಾಮ್ಲದಿಂದ ಅವನ್ನು ತೊಳೆದು ತೆಗೆದರೆ ಐದರ ಬಳೆಗಳೂ ಸರಪಣಿಗಳೂ ಉಳಿಯುತ್ತಿದ್ದವು. ಒಂದು ಎಣ್ಣೆಯಲ್ಲಿ ಏನೇನು ಎಷ್ಟೆಷ್ಟಿದೆಯೆಂದು ಲೆಕ್ಕ ಹಾಕಲು ಇದು ಒಳ್ಳೆಯ ಉಪಾಯವಾಯಿತು. ಈ ಶೋಧನೆ ಪ್ರಕಟವಾದುದು ೧೯೧೧ರಲ್ಲಿ.

ಅದೇ ೧೯೧೧ರಲ್ಲಿ ಜೆಲಿನ್‌ಸ್ಕಿ ತನ್ನ ಪೀಠವನ್ನೂ ಪ್ರಯೋಗಶಾಲೆಯನ್ನೂ ಬಿಟ್ಟು ಹೊರಟನು. ಅವನ ಜೀವನದಲ್ಲಿ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದ ಘಟನೆ ಇದು. ೧೯೧೦ರ ನವೆಂಬರಿನಲ್ಲಿ ಟಾಲ್ಸ್ಟಾಯ್ ತೀರಿಕೊಂಡಾಗ ರಷ್ಯದ ವಿದ್ಯಾರ್ಥಿಗಳು ಅಲ್ಲಲ್ಲಿ ಸಭೆ ಸೇರಿದರು, ಮೆರವಣಿಗೆ ಹೊರಟರು. ಸರ್ಕಾರ ಬೆದರಿತು. ೧೯೧೧ರ ಜನವರಿಯಲ್ಲಿ ವಿದ್ಯಾಮಂತ್ರಿ ಕಾಸ್ಸೊ ವಿಶ್ವವಿದ್ಯಾನಿಲಯಗಳ ಒಳಗೆ ವಿದ್ಯಾರ್ಥಿಗಳ ಸಭೆಗಳನ್ನು ನಿಷೇಧಿಸಿ, ಪೊಲೀಸರಿಗೆ ಒಳಗೆ ಬರಲು ಅವಕಾಶ ಕೊಟ್ಟನು. ಮಾಸ್ಕೋ ವಿಶ್ವವಿದ್ಯಾನಿಲಯದ ಕುಲಪತಿಯೂ ಅವನ ಇಬ್ಬರು ಸಹಾಯಕರೂ ಈ ಸ್ಥಿತಿಯಲ್ಲಿ ಆಡಳಿತ ನಡೆಸಲಾರೆವೆಂದು ಅಧಿಕಾರವನ್ನು ಬಿಟ್ಟರು. ಸರ್ಕಾರ ಅವರನ್ನು ಪ್ರಾಧ್ಯಾಪಕ ಹುದ್ದೆಯಿಂದಲೂ ತೆಗೆದುಹಾಕಿತು. ಇದನ್ನು ಪ್ರತಿಭಟಿಸಿ ನೂರಕ್ಕೂ ಹೆಚ್ಚು ಮಂದಿ ಅಧ್ಯಾಪಕರು ರಾಜೀನಾಮೆ ಕೊಟ್ಟರು. ಸಸ್ಯಶಾಸ್ತ್ರಜ್ಞ ತಿಮಿರ್ಯಾಜೆವ್, ಭೌತಶಾಸ್ತ್ರಜ್ಞ ಲೆಬೆದೆವ್, ಭೂವಿಜ್ಞಾನಿ ವೆರ್ನಾದ್‌ಸ್ಕಿ, ಇವರ ಸಂಗಡ ಜೆಲಿನ್‌ಸ್ಕಿಯೂ ಇದ್ದನು.

ಆಗ ಅವನಿಗೆ ೫೦ ವರ್ಷ. ಹದಿನೆಂಟು ವರ್ಷ ದುಡಿದು ಕಟ್ಟಿದ ಪ್ರಯೋಗಶಾಲೆ, ಸುತ್ತ ನೆರೆದ ಶಿಷ್ಯರು, ಅದೇ ತಾನೆ ಫಲ ಕೊಡತೊಡಗಿದ್ದ ಸಂಶೋಧನೆ, ಎಲ್ಲವೂ ಅಲ್ಲಿತ್ತು. ರಾಜಕೀಯ ನನ್ನ ವಿಷಯವಲ್ಲವೆಂದು ಪ್ಲಾಟಿನಮ್ಮಿನ ಪುಡಿಯ ಮುಂದೆ ಕುಳಿತುಬಿಟ್ಟಿದ್ದರೆ ಅವನನ್ನು ಕೇಳುವವರಿರಲಿಲ್ಲ. ಆದರೂ ಹೊರಟನು. ವಿದ್ಯಾರ್ಥಿಗಳ ಸಭೆಗಾಗಿ ಅಧ್ಯಾಪಕರು ಅನ್ನ ಬಿಟ್ಟ ಕಥೆಯನ್ನು ವಿದ್ಯಾರ್ಥಿಗಳಾದ ನಾವು ತಿಳಿದಿರುವುದು ಒಳ್ಳೆಯದು.

ಅವನು ಪೀಟರ್ಸ್‌ಬರ್ಗಿಗೆ ಹೋಗಿ ಹಣಕಾಸಿನ ಮಂತ್ರಿಶಾಖೆಯ ಕೇಂದ್ರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ನಿಂತನು. ಮಾಸ್ಕೋವಿನ ವೈಭವ ಅಲ್ಲಿರಲಿಲ್ಲ. ರಷ್ಯಾದಲ್ಲಿ ಮದ್ಯಸಾರದ ವ್ಯಾಪಾರ ಆಗ ಸರ್ಕಾರದ ಕೈಯಲ್ಲಿತ್ತು, ಅದೂ ಇದೇ ಶಾಖೆಯ ವಶದಲ್ಲಿತ್ತು. ಹಸಿ ಮದ್ಯಸಾರದ ಕೆಟ್ಟ ವಾಸನೆಯನ್ನು ತೆಗೆಯಲು ಅದನ್ನು ಬರ್ಚ್ ಮರದ ಇದ್ದಿಲಿನ ಮೂಲಕ ಸೋಸುವುದು ವಾಡಿಕೆ. ಇಂಥ ಇದ್ದಿಲಿನ ಪರಿಚಯ ಅವನಿಗೆ ಚೆನ್ನಾಗಿ ಆಯಿತು. ಯಾವುದು ಕಷ್ಟವೆಂದು ತೋರುತ್ತದೆಯೋ ಅದೇ ಕೆಲವು ವೇಳೆ ದಾರಿಯಾಗುತ್ತದೆ.

೧೯೧೪ರಲ್ಲಿ ಯುದ್ಧ ಪ್ರಾರಂಭವಾಯಿತು. ೧೯೧೫ರ ಏಪ್ರಿಲ್ ೨೨ರಂದು ಜರ್ಮನರು ಈಪ್ರ್ ಬಳಿ ಕ್ಲೋರೀನ್ ಅನಿಲವನ್ನು ಗಾಳಿಗೆ ಬಿಟ್ಟರು. ಮೇ ತಿಂಗಳ ಕೊನೆಯ ದಿನ ವಾರ್ಸಾ ನಗರದ ಪಡುವಲಿಗೆ ಬೊಲಿಮೊವ್ ಎಂಬಲ್ಲಿ ರಷ್ಯನ್ ಸೈನ್ಯದ ಮೇಲೂ ಅದೇ ಹೊಗೆ ಬಂದಿತು. ಕಂದಕಗಳಲ್ಲಿದ್ದ ಸಾವಿರಾರು ಸೈನಿಕರು ಉಸಿರು ಕಟ್ಟಿ ನರಳಿದರು. ಕೈಗೆ ಸಿಕ್ಕ ರಕ್ಷಣೆಯೆಂದರೆ ರಾಸಾಯನಿಕಗಳಲ್ಲಿ ಅದ್ದಿದ ಬಟ್ಟೆಯ ಪಟ್ಟಿ. ಅದು ಕ್ಲೋರೀನನ್ನು ತಡೆದರೆ ತಡೆದೀತು. ನಾಳೆ ಶತ್ರು ಬೇರೊಂದು ಅನಿಲವನ್ನು ತಂದರೆ? ಪ್ರತಿಯೊಂದು ವಿಷಕ್ಕೂ ಪ್ರತ್ಯೇಕವಾದ ಮದ್ದನ್ನು ಹುಡುಕುತ್ತ ಹೋದರೆ ವಿಷ ಯಾವಾಗಲೂ ಒಂದು ಹೆಜ್ಜೆ ಮುಂದೆಯೇ ಇರುತ್ತದೆ.

ಜೆಲಿನ್‌ಸ್ಕಿ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಆಲೋಚಿಸಿದನು. ವಿಷದೊಡನೆ ಸೇರಿ ಅದನ್ನು ಮುರಿಯುವ ರಾಸಾಯನಿಕ ಬೇಡ; ಯಾವ ವಿಷವಾದರೂ ಸರಿ, ಅದನ್ನು ಮೈಗೆ ಅಂಟಿಸಿಕೊಂಡು ಹಿಡಿದಿಡುವ ವಸ್ತು ಬೇಕು. ಇದ್ದಿಲಿಗೆ ಈ ಗುಣವುಂಟು. ಹೊರಗೆ ನೋಡಿದರೆ ಒಂದು ಚೂರು; ಒಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಓಣಿಗಳು. ಮದ್ಯಸಾರವನ್ನು ಸೋಸಿ ಸೋಸಿ ಮುಚ್ಚಿಹೋದ ಈ ಓಣಿಗಳನ್ನು ಮತ್ತೆ ಕಾಯಿಸಿ ತೆರೆದರೆ ಇದ್ದಿಲು ಚುರುಕಾಗುತ್ತದೆ. ಹೀಗೆ ಚುರುಕುಗೊಳಿಸಿದ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸುವುದಾದರೆ ಅದು ಸಾವಿರ ಚದರ ಮೀಟರಿನಷ್ಟು ಆಗಬಹುದು. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ೧೦ ಗುಂಟೆ ನೆಲ! ಗಾಳಿಯ ಜೊತೆಗೆ ಬರುವ ಭಾರವಾದ ವಿಷದ ಅಣುಗಳು ಈ ನೆಲಕ್ಕೆ ಅಂಟಿಕೊಳ್ಳುತ್ತವೆ. ಹಗುರವಾದ ಆಮ್ಲಜನಕ ಸಾರಜನಕಗಳು ಹಾದುಹೋಗುತ್ತವೆ.

ಅವನ ಪ್ರಯೋಗವೂ ಸರಳವಾದದ್ದೇ. ಒಂದು ಕೋಣೆಯಲ್ಲಿ ಗಂಧಕವನ್ನು ಉರಿಸಿ, ಉಸಿರಾಡಲಾಗದಷ್ಟು ಹೊಗೆ ತುಂಬಿಸಿ, ಕರವಸ್ತ್ರದಲ್ಲಿ ಇದ್ದಿಲಿನ ಹರಳುಗಳನ್ನು ಕಟ್ಟಿ ಮೂಗಿಗೆ ಹಿಡಿದುಕೊಂಡು ಜೆಲಿನ್‌ಸ್ಕಿಯೂ ಅವನ ಸಂಗಡಿಗರೂ ಒಳಗೆ ನಿಂತರು. ಯಾರಿಗೂ ಬಾಧೆಯಾಗಲಿಲ್ಲ. ಪೆಟ್ರೊಗ್ರಾಡಿನ ರಬ್ಬರ್ ಕಾರ್ಖಾನೆಯೊಂದರ ಇಂಜಿನಿಯರ್ ಕುಮ್ಮಂತ್ ಎಂಬುವನು ತಲೆಗೂ ಮುಖಕ್ಕೂ ಬಿಗಿಯಾಗಿ ಕೂರುವ ರಬ್ಬರಿನ ಮುಸುಕನ್ನು ಮಾಡಿದನು. ಇದ್ದಿಲಿನ ಡಬ್ಬಿಯೂ ಈ ಮುಸುಕೂ ಕೂಡಿ ಜೆಲಿನ್‌ಸ್ಕಿ–ಕುಮ್ಮಂತ್ ಮುಖವಾಡವಾಯಿತು.

ಆದರೆ ಕಚೇರಿಗಳ ನಡಗೆ ಎಲ್ಲ ದೇಶಗಳಲ್ಲಿಯೂ ಒಂದೇ. ಮುಖವಾಡಗಳ ವಿಷಯವನ್ನು ನೋಡಿಕೊಳ್ಳುತ್ತಿದ್ದ ಮೇಲಧಿಕಾರಿ ರಾಜವಂಶದವನು; ಅವನಿಗೆ ಬೇರೊಂದು ಮಾದರಿಯ ಮೇಲೆ ಮಮತೆ. ಪರೀಕ್ಷೆಯ ಮೇಲೆ ಪರೀಕ್ಷೆಯಾಗಿ ತಿಂಗಳುಗಳು ಕಳೆದವು. ಮುಂಚೂಣಿಯಲ್ಲಿ ಸೈನಿಕರು ಸಾಯುತ್ತಲೇ ಇದ್ದರು. ೧೯೧೬ರಲ್ಲಿ ಕೊನೆಗೆ ಇದ್ದಿಲಿನ ಮುಖವಾಡವನ್ನೇ ಸೈನ್ಯಕ್ಕೆ ಒಪ್ಪಿಕೊಂಡರು. ಯುದ್ಧ ಮುಗಿಯುವುದರೊಳಗೆ ಅಂಥ ಮುಖವಾಡಗಳು ಒಂದು ಕೋಟಿಗೂ ಮೀರಿ ತಯಾರಾದವು. ಮಿತ್ರರಾಷ್ಟ್ರಗಳಿಗೂ ಮಾದರಿಗಳು ಹೋದವು. ಜೆಲಿನ್‌ಸ್ಕಿ ಈ ಉಪಾಯಕ್ಕೆ ಪೇಟೆಂಟು ತೆಗೆದುಕೊಳ್ಳಲಿಲ್ಲ. ಜನರ ಪ್ರಾಣ ಉಳಿಸುವ ವಸ್ತುವಿನಿಂದ ಹಣ ಮಾಡುವುದು ಅವನಿಗೆ ಸರಿಯೆಂದು ತೋರಲಿಲ್ಲ. ಸಾಸಿವೆ ಅನಿಲ ಮೈಯನ್ನು ಸುಡುವುದನ್ನು ಯಾವ ಮುಖವಾಡವೂ ತಡೆಯದು. ಆದರೆ ಶ್ವಾಸಕೋಶವನ್ನು ಕಾಯುವ ಮಟ್ಟಿಗೆ ಇದ್ದಿಲು ಅದರಿಂದಲೂ ಕಾಯಿತು. ಯೌವನದಲ್ಲಿ ತನ್ನನ್ನು ಸುಟ್ಟ ವಿಷಕ್ಕೆ ಐವತ್ತು ದಾಟಿದ ಮೇಲೆ ಅವನು ಹೀಗೆ ಉತ್ತರ ಕೊಟ್ಟನು.

೧೯೧೭ರಲ್ಲಿ ಝಾರನ ಆಳ್ವಿಕೆ ಉರುಳಿದ ಮೇಲೆ ಅವನು ಮಾಸ್ಕೋ ವಿಶ್ವವಿದ್ಯಾನಿಲಯಕ್ಕೆ ಮರಳಿದನು. ಆದರೆ ಶಾಂತಿ ದೊರೆಯಲಿಲ್ಲ. ಅಂತರ್ಯುದ್ಧದಲ್ಲಿ ಬಾಕು ನಗರದ ಎಣ್ಣೆ ಮಾಸ್ಕೋವಿಗೆ ಬರುವುದು ನಿಂತಿತು. ೧೯೧೮–೧೯ರ ಆ ದಿನಗಳಲ್ಲಿ, ಉಳಿದಿದ್ದ ದಪ್ಪ ಮಡ್ಡಿ ಎಣ್ಣೆಯನ್ನು ಅಲ್ಯುಮಿನಿಯಂ ಕ್ಲೋರೈಡಿನ ಸಹಾಯದಿಂದ ಒಡೆದು ಪೆಟ್ರೋಲ್ ತೆಗೆಯುವ ವಿಧಾನವನ್ನು ಅವನು ರೂಪಿಸಿದನು.

ಪರಿಸ್ಥಿತಿ ಸುಧಾರಿಸಿದ ಮೇಲೆ ಅವನು ಮತ್ತೆ ಪ್ಲಾಟಿನಮ್ಮಿನ ಕಡೆಗೆ ತಿರುಗಿದನು. ಈಗ ಇದ್ದಿಲು ಎರಡನೆಯ ಸಾರಿ ಅವನ ನೆರವಿಗೆ ಬಂದಿತು. ಪ್ಲಾಟಿನಂ ಬಹಳ ದುಬಾರಿ. ಅದರ ಕೆಲಸ ನಡೆಯುವುದು ಮೇಲ್ಮೈಯಲ್ಲಿ ಮಾತ್ರ. ಗಟ್ಟಿಯ ಒಳಗಿರುವ ಪರಮಾಣುಗಳು ಸುಮ್ಮನೆ ಕುಳಿತಿರುತ್ತವೆ. ನುಣ್ಣಗೆ ಪುಡಿಮಾಡಿದರೂ ಕಾವಿನಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಮತ್ತೆ ಗಟ್ಟಿಯಾಗುತ್ತವೆ. ಅರಳೆಯನ್ನು ಉಂಡೆ ಕಟ್ಟಿದರೆ ಅಂಗೈಯನ್ನೂ ಮುಚ್ಚದು, ಹಿಂಜಿ ಹರಡಿದರೆ ಚಾಪೆಯನ್ನೇ ಮುಚ್ಚೀತು. ಆದರೆ ಹರಡಲು ಚಾಪೆ ಬೇಕಲ್ಲ! ಆ ಚಾಪೆಯೇ ಇದ್ದಿಲು. ಸೈನಿಕರ ಡಬ್ಬಿಯಲ್ಲಿ ವಿಷವನ್ನು ಹಿಡಿದ ಆ ಓಣಿಗಳಲ್ಲಿ ಈಗ ಪ್ಲಾಟಿನಮ್ಮಿನ ಕಣಗಳು ಒಂದನ್ನೊಂದು ಮುಟ್ಟದಂತೆ ದೂರದೂರ ಕುಳಿತವು. ಸ್ವಲ್ಪ ಲೋಹ ಬಹಳ ಕೆಲಸ ಮಾಡಿತು.

ಅವನ ಸುತ್ತ ಪ್ರತಿಭಾವಂತ ಶಿಷ್ಯರು ಸೇರಿದರು. ಕಜಾನ್‌ಸ್ಕಿ, ಪ್ಲಾತೆ ಮೊದಲಾದವರೊಡನೆ ೧೯೩೦ರ ದಶಕದಲ್ಲಿ ನಡೆದ ಶೋಧನೆಗಳಿಂದ ಪ್ಲಾಟಿನಂ ಹೊತ್ತ ಇದ್ದಿಲಿನ ಹೊಸ ಹೊಸ ಗುಣಗಳು ತಿಳಿದವು. ಜಲಜನಕವನ್ನು ಜೊತೆಗೆ ಹಾಯಿಸಿದರೆ ಮೊದಲು ಅಲುಗದಿದ್ದ ಐದರ ಬಳೆಯೂ ಬಿಚ್ಚಿ ಸರಪಣಿಯಾಯಿತು. ೧೯೩೬ರಲ್ಲಿ ಕಜಾನ್‌ಸ್ಕಿಯೂ ಪ್ಲಾತೆಯೂ ಇದಕ್ಕೆ ವಿರುದ್ಧವಾದುದನ್ನೂ ತೋರಿಸಿದರು: ನೇರವಾದ ಸರಪಣಿ ತಾನೇ ಬಾಗಿ, ತುದಿಗೆ ತುದಿ ಸೇರಿ, ಬೆಂಜೀನಿನ ಜಾತಿಯ ಬಳೆಯಾಯಿತು. ಒಡೆಯುವುದು, ಕೂಡಿಸುವುದು, ಕಳಚುವುದು, ಎಲ್ಲವನ್ನೂ ಒಂದೇ ಲೋಹ ಮಾಡಬಲ್ಲುದೆಂದು ತಿಳಿಯಿತು.

ಲೋಹ ಆರರ ಬಳೆಯನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಗೆ ೧೯೨೯ರಲ್ಲಿ ಉತ್ತರ ಕೊಡಲು ಹೊರಟವನು ಬಲಾಂದಿನ್ ಎಂಬ ಶಿಷ್ಯ. ಪ್ಲಾಟಿನಂ, ಪಲ್ಲೇಡಿಯಂ, ನಿಕ್ಕಲ್ ಇವುಗಳ ಮೈಮೇಲೆ ಪರಮಾಣುಗಳು ಜೇನುಹುಟ್ಟಿನಂತೆ ಆರು ಮೂಲೆಯ ವಿನ್ಯಾಸದಲ್ಲಿ ಒತ್ತಾಗಿ ಕುಳಿತಿರುತ್ತವೆ. ಆರರ ಬಳೆ ಅದರ ಮೇಲೆ ಬೋರಲಾಗಿ ಮಲಗಿದರೆ ಮೂಲೆಗೆ ಮೂಲೆ ಹೊಂದುತ್ತದೆ. ಆಗ ಜಲಜನಕಗಳು ಸುಲಭವಾಗಿ ಕಳಚುತ್ತವೆ. ಐದರ ಬಳೆಗೆ ಅಲ್ಲಿ ಹೊಂದಿಕೆಯಿಲ್ಲ. ಈ ಅಳತೆ ಹೊಂದದ ಕಬ್ಬಿಣಕ್ಕೆ ಈ ಕೆಲಸ ಆಗದೆಂಬುದನ್ನೂ ಅವನು ಇದರಿಂದಲೇ ವಿವರಿಸಿದನು. ಜಲಜನಕಗಳು ಒಟ್ಟಿಗೆ ಹೋಗದೆ ಒಂದೊಂದಾಗಿ ಹೋಗುತ್ತವೆಯೆಂದು ಮುಂದಿನ ಸಂಶೋಧನೆ ತೋರಿಸಿತಾದರೂ, ಮೇಲ್ಮೈಯ ಆಕಾರಕ್ಕೂ ಅಣುವಿನ ಆಕಾರಕ್ಕೂ ಸಂಬಂಧವುಂಟೆಂಬ ಬಲಾಂದಿನ್ನನ ಮೂಲವಿಚಾರ ಉಳಿದುಬಂದಿದೆ.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಸೋವಿಯತ್ ಸರ್ಕಾರ ಜೆಲಿನ್‌ಸ್ಕಿಯನ್ನು ಬಹಳವಾಗಿ ಗೌರವಿಸಿತು. ೧೯೨೯ರಲ್ಲಿ ಅವನು ವಿಜ್ಞಾನ ಅಕಾಡೆಮಿಯ ಪೂರ್ಣ ಸದಸ್ಯನಾದನು. ೧೯೪೨, ೧೯೪೬, ೧೯೪೮ರಲ್ಲಿ ಸ್ಟಾಲಿನ್ ಪಾರಿತೋಷಕಗಳು ಬಂದವು. ೧೯೪೫ರಲ್ಲಿ ಸಮಾಜವಾದೀ ಶ್ರಮವೀರನೆಂಬ ಬಿರುದು ಬಂದಿತು. ಅದೇ ಸರ್ಕಾರ ೧೯೩೬ರಲ್ಲಿ ಬಲಾಂದಿನ್ನನನ್ನು ಬಂಧಿಸಿ ಗಡೀಪಾರು ಮಾಡಿತು. ಅವನು ಹಿಂದಿರುಗಿ ಬಂದು ೧೯೪೬ರಲ್ಲಿ ಅಕಾಡೆಮಿಯ ಸದಸ್ಯನಾದ ಮೇಲೆಯೂ, ೧೯೪೯ರಲ್ಲಿ ಮತ್ತೆ ಬಂಧಿಸಿ ಉತ್ತರಧ್ರುವ ವೃತ್ತದೊಳಗಿನ ನೊರಿಲ್ಸ್ಕಿಗೆ ಕಳುಹಿಸಿತು. ಸ್ಟಾಲಿನ್ ಸತ್ತ ೧೯೫೩ರಲ್ಲಿ ಅವನಿಗೆ ಬಿಡುಗಡೆಯಾಯಿತು. ಗುರುವಿನ ಎದೆಯ ಮೇಲೆ ಪದಕ, ಶಿಷ್ಯನ ಕೈಗೆ ಬೇಡಿ. ಎರಡೂ ಒಂದೇ ಪ್ರಯೋಗಶಾಲೆಯ ಚರಿತ್ರೆ.

ಚರಿತ್ರೆಯ ವಿದ್ಯಾರ್ಥಿಯಾಗಿ ನಾನು ಈ ಎರಡು ಕಾಲಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ. ೧೯೧೧ರಲ್ಲಿ ನೂರು ಮಂದಿ ಅಧ್ಯಾಪಕರು ಅನ್ಯಾಯವನ್ನು ಕಂಡು ಹೊರನಡೆದರು. ಅವರಿಗೆ ಹೋದುದು ಕೆಲಸ. ಝಾರನ ಆಳ್ವಿಕೆ ಕ್ರೂರವಾದುದೇ; ಆದರೂ ಅದರಡಿಯಲ್ಲಿ ರಾಜೀನಾಮೆಯ ಕಾಗದವನ್ನು ಬರೆಯಬಹುದಾಗಿತ್ತು. ೧೯೩೬ರಲ್ಲಿ ಹಾಗೆ ಹೊರನಡೆಯಲು ಬಾಗಿಲೇ ಇರಲಿಲ್ಲ. ಪ್ರತಿಭಟಿಸುವ ಧೈರ್ಯ ವ್ಯಕ್ತಿಯ ಗುಣವೆಂದು ನಾವು ಹೊಗಳುತ್ತೇವೆ; ಅದು ನಿಜ. ಆದರೆ ಆ ಧೈರ್ಯಕ್ಕೂ ನಿಲ್ಲಲು ಅಂಗೈಯಗಲದ ನೆಲ ಬೇಕು. ಆ ನೆಲವನ್ನು ಕಾಪಾಡಿಕೊಳ್ಳುವುದು ಒಬ್ಬ ಮಹಾಪುರುಷನ ಕೆಲಸವಲ್ಲ, ಇಡೀ ಸಮಾಜದ ಕೆಲಸ. ಜೆಲಿನ್‌ಸ್ಕಿಯ ಜೀವನದಿಂದ ನಾನು ಕಲಿತ ಮಾತುಗಳಲ್ಲಿ ಇದು ಮುಖ್ಯವಾದುದು.

೧೯೫೩ನೆಯ ಇಸವಿ ಜುಲೈ ೩೧ರಂದು ಜೆಲಿನ್‌ಸ್ಕಿ ಮಾಸ್ಕೋವಿನಲ್ಲಿ ತೀರಿಕೊಂಡನು. ೧೯೩೪ರಲ್ಲಿ ಅವನೂ ಸೇರಿ ಕಟ್ಟಿದ ಸಾವಯವ ರಸಾಯನಶಾಸ್ತ್ರದ ಸಂಸ್ಥೆಗೆ ಅದೇ ವರ್ಷ ಅವನ ಹೆಸರನ್ನಿಟ್ಟರು. ಶಿಷ್ಯರಲ್ಲಿ ಕಜಾನ್‌ಸ್ಕಿ, ನಮೆತ್ಕಿನ್, ಅಕಾಡೆಮಿಯ ಅಧ್ಯಕ್ಷನಾಗಿದ್ದ ನೆಸ್ಮೆಯಾನೊವ್ ಮೊದಲಾದವರು ತಾವೇ ದೊಡ್ಡ ಗುರುಗಳಾದರು.

ಅವನು ಬದುಕಿರುವಾಗಲೇ ಅವನ ಬೀಜ ದೂರದ ನೆಲದಲ್ಲಿ ಮರವಾಗಿತ್ತು. ಪೆಟ್ರೋಲಿನಲ್ಲಿ ನೇರ ಸರಪಣಿಯ ಹೈಡ್ರೊಕಾರ್ಬನ್‌ಗಳು ಹೆಚ್ಚಾಗಿದ್ದರೆ ಮೋಟಾರಿನ ಯಂತ್ರ ಹೊತ್ತಿಗೆ ಮೊದಲೇ ಹೊತ್ತಿಕೊಂಡು ಬಡಿದುಕೊಳ್ಳುತ್ತದೆ. ಕವಲೊಡೆದವೂ ಬೆಂಜೀನಿನ ಜಾತಿಯ ಬಳೆಗಳೂ ಇದ್ದರೆ ಮೃದುವಾಗಿ ಓಡುತ್ತದೆ. ಅಮೆರಿಕದಲ್ಲಿ ಹೆನ್ಸೆಲ್ ಎಂಬ ವಿಜ್ಞಾನಿ, ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಪ್ಲಾಟಿನಮ್ಮನ್ನು ಅಲ್ಯುಮಿನ ಎಂಬ ಬಿಳಿಯ ಪದಾರ್ಥದ ಮೇಲೆ ಹರಡಿ, ಸುಮಾರು ೫೦೦ ಡಿಗ್ರಿ ಕಾವಿನಲ್ಲಿ ಕೀಳು ಪೆಟ್ರೋಲನ್ನು ಮೇಲುಮಟ್ಟದ್ದನ್ನಾಗಿ ಮಾಡುವ ವಿಧಾನವನ್ನು ಕಂಡುಹಿಡಿದನು. ಅದರ ಮೊದಲನೆಯ ಕಾರ್ಖಾನೆ ೧೯೪೯ರಲ್ಲಿ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಎಂಬ ಊರಿನಲ್ಲಿ ನಡೆಯತೊಡಗಿತು. ಇದಕ್ಕೆ ಪ್ಲಾಟ್‌ಫಾರ್ಮಿಂಗ್ ಎಂದು ಹೆಸರು.

ಇಲ್ಲಿ ಒಂದು ಹೊಸ ವಿಶೇಷವಿತ್ತು. ಇದ್ದಿಲು ಪ್ಲಾಟಿನಮ್ಮಿಗೆ ಬರಿಯ ಚಾಪೆಯಾಗಿತ್ತು. ಅಲ್ಯುಮಿನ ತಾನೂ ಕೆಲಸಕ್ಕೆ ಇಳಿಯಿತು. ಅದರಲ್ಲಿ ಸ್ವಲ್ಪ ಕ್ಲೋರೀನ್ ಸೇರಿಸಿದರೆ ಆಮ್ಲದ ಗುಣ ಬರುತ್ತದೆ. ಪ್ಲಾಟಿನಂ ಐದರ ಬಳೆಯಿಂದ ಕೆಲವು ಜಲ‌ಜನಕಗಳನ್ನು ಕಳಚಿ ಅಲ್ಯುಮಿನಕ್ಕೆ ಕೊಡುತ್ತದೆ. ಅಲ್ಯುಮಿನ ಆ ಬಳೆಗೆ ಅಂಟಿದ ಕವಲನ್ನು ಒಳಗೆ ಸೇರಿಸಿ ಆರರ ಬಳೆಯಾಗಿ ಮಾರ್ಪಡಿಸಿ ಹಿಂದಕ್ಕೆ ಕೊಡುತ್ತದೆ. ಪ್ಲಾಟಿನಂ ಉಳಿದ ಜಲಜನಕಗಳನ್ನು ಕಳಚಿ ಬೆಂಜೀನನ್ನು ಹೊರಗೆ ಬಿಡುತ್ತದೆ. ಕೊನೆಯ ಈ ಹೆಜ್ಜೆ ಜೆಲಿನ್‌ಸ್ಕಿ ೧೯೧೧ರಲ್ಲಿ ತೋರಿಸಿದ ಹೆಜ್ಜೆಯೇ. ಇಂದು ಲೋಕದ ಬಹುಪಾಲು ಎಣ್ಣೆ ಶುದ್ಧೀಕರಣ ಕಾರ್ಖಾನೆಗಳಲ್ಲಿ ಇಂಥ ಘಟಕಗಳಿವೆ. ನಮ್ಮ ಮಂಗಳೂರಿನ ಕಾರ್ಖಾನೆಯಲ್ಲಿಯೂ ಇದೆ. ಮೋಟಾರಿನ ಹೊಗೆಯ ಕೊಳವೆಯಲ್ಲಿ ವಿಷಾನಿಲವನ್ನು ಕಡಿಮೆ ಮಾಡುವ ಪೆಟ್ಟಿಗೆಯೊಳಗೂ ಪ್ಲಾಟಿನಂ, ಪಲ್ಲೇಡಿಯಂ ಕಣಗಳು ಹೀಗೆಯೇ ಹರಡಿ ಕುಳಿತಿವೆ. ಅಲ್ಲಿ ಅವು ಕಾಯುವುದು ಸೈನಿಕರ ಉಸಿರನ್ನಲ್ಲ, ಬೀದಿಯಲ್ಲಿ ನಡೆಯುವ ನಮ್ಮೆಲ್ಲರ ಉಸಿರನ್ನು.

ಕಲೆ ಮತ್ತು ಸಾಹಿತ್ಯವನ್ನು ಓದುವ ನಮಗೆ ವಿಜ್ಞಾನಿಯ ಬಾಳು ಬರಿಯ ಬುಡ್ಡಿ-ಕೊಳವೆಗಳ ಕಥೆಯೆಂದು ತೋರುವುದುಂಟು. ಜೆಲಿನ್‌ಸ್ಕಿಯ ಬಾಳು ಹಾಗಲ್ಲ. ಟಾಲ್ಸ್ಟಾಯಿಯ ಸಾವು, ವಿದ್ಯಾರ್ಥಿಗಳ ಸಭೆ, ಮಂತ್ರಿಯ ಆಜ್ಞೆ, ಕಂದಕದ ಸೈನಿಕ, ಗಡೀಪಾರಾದ ಶಿಷ್ಯ, ಇವೆಲ್ಲವೂ ಅವನ ಪ್ಲಾಟಿನಮ್ಮಿನ ಪುಡಿಯೊಡನೆ ಹೆಣೆದುಕೊಂಡಿವೆ. ಅವನು ಕಂಡುಹಿಡಿದ ವಿದ್ಯೆಯಿಂದ ಬಂದ ಟಾಲುಯೀನ್ ಔಷಧಕ್ಕೂ ಹೋಗುತ್ತದೆ, ಸಿಡಿಮದ್ದಿಗೂ ಹೋಗುತ್ತದೆ. ಲೋಹಕ್ಕೆ ಈ ಭೇದ ತಿಳಿಯದು. ಅದು ಆರರ ಬಳೆಯನ್ನು ಮಾತ್ರ ಗುರುತಿಸಬಲ್ಲುದು. ಯಾವುದನ್ನು ಯಾವುದಕ್ಕೆ ಉಪಯೋಗಿಸಬೇಕೆಂದು ಗುರುತಿಸುವ ಹೊಣೆ ಮನುಷ್ಯನದು. ೧೯೧೧ರಲ್ಲಿ ಒಮ್ಮೆ, ೧೯೧೫ರಲ್ಲಿ ಮತ್ತೊಮ್ಮೆ, ಆ ಹೊಣೆಯನ್ನು ಈ ರಸಾಯನವಿಜ್ಞಾನಿ ತನ್ನ ಹೆಗಲಿಗೆ ತೆಗೆದುಕೊಂಡನು. ಅದಕ್ಕಾಗಿಯೇ ಅವನ ಹೆಸರನ್ನು ಪರೀಕ್ಷೆ ಮುಗಿದ ಮೇಲೆಯೂ ನೆನೆಯಬೇಕು.